ಫಿಲ್ಮನ್ನು ತೊಳೆಯುವ ಕ್ರಮ

ಕ್ಯಾಮೆರಾದಿಂದ ತೆಗೆದ ಫಿಲ್ಮಿನ ಸುರುಳಿಯನ್ನು ಸ್ಟುಡಿಯೋದವರ ವಶಕ್ಕೆ ಕೊಟ್ಟು ಬಂದವರು ನಮ್ಮ ಸೀಮೆಯಲ್ಲಿ “ರೀಲು ತೊಳೆಯುವುದಕ್ಕೆ ಕೊಟ್ಟಿದ್ದೇವೆ” ಎಂದೇ ಹೇಳುತ್ತಿದ್ದರು. ಕತ್ತಲೆಯ ಕೋಣೆಯಲ್ಲಿ ನಡೆಯುವ ಐದಾರು ಕೆಲಸಗಳಿಗೆಲ್ಲ ಸೇರಿ ಜನರ ಬಾಯಲ್ಲಿದ್ದುದು ಈ ಒಂದೇ ಮಾತು. ವಿಚಿತ್ರವೇನೆಂದರೆ, ಯಾವ ಕೆಲಸದ ಹೆಸರನ್ನು ಇಡೀ ವಿದ್ಯೆಗೆ ಇಟ್ಟರೋ ಆ ಕೆಲಸವನ್ನೇ, ಎಂದರೆ ಕಡೆಯಲ್ಲಿ ನೀರಿನಿಂದ ತೊಳೆಯುವುದನ್ನೇ, ಅಭ್ಯಾಸಿಗಳು ಎಲ್ಲಕ್ಕಿಂತ ಕಡಿಮೆ ಗಮನವಿಟ್ಟು ಮಾಡುತ್ತಾರೆ. ಡೆವಲಪರಿನ ಉಷ್ಣತೆಯನ್ನು ಅರ್ಧ ಡಿಗ್ರಿಯ ಮಟ್ಟಿಗೆ ನೋಡುವವರು, ಗಡಿಯಾರವನ್ನು ಮುಂದಿಟ್ಟುಕೊಂಡು ನಿಮಿಷಗಳನ್ನೆಣಿಸುವವರು, ತೊಳೆಯುವ ಹೊತ್ತು ಬಂದ ಕೂಡಲೆ ಟ್ಯಾಂಕನ್ನು ನಲ್ಲಿಯ ಕೆಳಗಿಟ್ಟು ಕಾಫಿಗೆ ಹೋಗುವುದುಂಟು.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಡೆವಲಪರಿನಲ್ಲಿ ತಪ್ಪು ನಡೆದರೆ ಚಿತ್ರವು ಅಂದೇ ತೆಳ್ಳಗೋ ದಟ್ಟವಾಗಿಯೋ ಕಾಣುತ್ತದೆ. ಫಿಲ್ಮನ್ನು ರೀಲಿಗೆ ಸುತ್ತುವಾಗ ತಪ್ಪಾದರೆ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡ ಕಲೆಯು ಅಂದೇ ಕಾಣುತ್ತದೆ. ತೊಳೆಯುವುದರಲ್ಲಿ ನಡೆದ ತಪ್ಪು ಮಾತ್ರ ಅಂದು ಕಾಣುವುದಿಲ್ಲ. ಚೆನ್ನಾಗಿ ತೊಳೆದ ನೆಗೆಟಿವೂ ಅರೆಬರೆ ತೊಳೆದ ನೆಗೆಟಿವೂ ಒಣಗಿದ ದಿನ ಒಂದೇ ತೆರನಾಗಿರುತ್ತವೆ. ಭೇದವು ಹೊರಗೆ ಬೀಳುವುದು ಕೆಲವು ವರ್ಷಗಳಾದ ಮೇಲೆ. ಅಷ್ಟು ಹೊತ್ತಿಗೆ ಚಿತ್ರದಲ್ಲಿರುವ ಅಜ್ಜಿ ಇಲ್ಲವಾಗಿರಬಹುದು, ಮನೆಯನ್ನು ಕೆಡವಿರಬಹುದು, ಚಿತ್ರ ತೆಗೆದವರು ತಾವು ಅಂದು ಎಷ್ಟು ಹೊತ್ತು ತೊಳೆದೆವೆಂಬುದನ್ನು ಮರೆತಿರಬಹುದು. ಡಿಜಿಟಲ್ ಕ್ಯಾಮೆರಾಗಳು ಮನೆಮನೆಗೂ ಬಂದಿರುವ ಈ ಕಾಲದಲ್ಲಿ ಫಿಲ್ಮನ್ನು ಹುಡುಕಿಕೊಂಡು ಹೋಗಿ ಕೊಂಡು, ಮನೆಯ ಬಚ್ಚಲಿನಲ್ಲಿಯೇ ಸಂಸ್ಕರಿಸುವವರು ಹಣಕ್ಕೂ ಶ್ರಮಕ್ಕೂ ಹಿಂಜರಿಯುವವರಲ್ಲ. ಅವರ ಶ್ರಮವು ಉಳಿಯುವುದೂ ಅಳಿಯುವುದೂ ಈ ಕಡೆಯ ಹತ್ತು ಹದಿನೈದು ನಿಮಿಷಗಳಲ್ಲಿ ನಿಶ್ಚಯವಾಗುವುದರಿಂದ ಇದನ್ನು ಕೊಂಚ ವಿಸ್ತಾರವಾಗಿಯೇ ವಿಚಾರ ಮಾಡೋಣ. ಇಲ್ಲಿ ಹೇಳುವುದೆಲ್ಲ ಕಪ್ಪು ಬಿಳುಪಿನ ಫಿಲ್ಮಿಗೆ ಸಂಬಂಧಪಟ್ಟದ್ದು. ಬಣ್ಣದ ಫಿಲ್ಮಿನ ಕ್ರಮ ಬೇರೆ.

ಮೊದಲು, ತೊಳೆದು ತೆಗೆಯಬೇಕಾದುದು ಏನು ಎಂಬುದನ್ನು ತಿಳಿಯೋಣ. ಫಿಲ್ಮೆಂಬುದು ಪಾರದರ್ಶಕವಾದ ಒಂದು ಹಾಳೆಯ ಮೇಲೆ ಜಿಲೆಟಿನ್ನಿನ ಲೇಪವನ್ನು ಕೊಟ್ಟು ಮಾಡಿದ ವಸ್ತು. ಜಿಲೆಟಿನ್ ಎಂದರೆ ಒಂದು ಬಗೆಯ ಪರಿಶುದ್ಧವಾದ ಸರೇಸು. ಈ ಲೇಪವು ತಲೆಗೂದಲಿನ ದಪ್ಪಕ್ಕಿಂತಲೂ ತೆಳ್ಳನೆಯದು, ಅದರಲ್ಲಿ ಬೆಳ್ಳಿಯ ಲವಣಗಳ ಅತಿಸೂಕ್ಷ್ಮವಾದ ಹರಳುಗಳು ಹುದುಗಿರುತ್ತವೆ. ಬೆಳಕು ತಾಗಿದ ಹರಳುಗಳನ್ನು ಡೆವಲಪರು ಕಪ್ಪಾದ ಬೆಳ್ಳಿಯನ್ನಾಗಿ ಮಾರ್ಪಡಿಸುತ್ತದೆ. ಬೆಳಕು ತಾಗದ ಹರಳುಗಳು ಹಾಗೆಯೇ ಉಳಿಯುತ್ತವೆ. ಅವನ್ನು ತೆಗೆದುಹಾಕದಿದ್ದರೆ ಫಿಲ್ಮನ್ನು ಬೆಳಕಿಗೆ ತಂದಾಗ ಅವೂ ಕ್ರಮೇಣ ಕಪ್ಪಾಗಿ ಚಿತ್ರವು ಹಾಳಾಗುತ್ತದೆ. ಅವು ನೀರಿನಲ್ಲಿ ಕರಗುವಂಥವಲ್ಲ. ಅವನ್ನು ಕರಗಿಸಬಲ್ಲ ದ್ರವವೇ ಫಿಕ್ಸರು. ಅದರ ಜೀವಾಳವು ಥಯೋಸಲ್ಫೇಟ್ ಎಂಬ ಲವಣ. ಸೋಡಿಯಂ ಥಯೋಸಲ್ಫೇಟಿಗೆ ರೂಢಿಯ ಹೆಸರು ಹೈಪೋ. ಬೇಗ ಕೆಲಸ ಮಾಡುವ ಈಚಿನ ಫಿಕ್ಸರುಗಳಲ್ಲಿ ಸೋಡಿಯಮ್ಮಿನ ಬದಲು ಅಮೋನಿಯಂ ಥಯೋಸಲ್ಫೇಟ್ ಇರುತ್ತದೆ.

ಹೈಪೋವಿಗೆ ಬೆಳ್ಳಿಯ ಲವಣಗಳನ್ನು ಕರಗಿಸುವ ಶಕ್ತಿಯುಂಟೆಂಬುದನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲನು 1819ರಲ್ಲಿಯೇ ಕಂಡಿದ್ದನು. ಆಗ ಛಾಯಾಚಿತ್ರವೆಂಬುದು ಇನ್ನೂ ಹುಟ್ಟಿರಲಿಲ್ಲ. 1839ರಲ್ಲಿ ಡಾಗೆರನ ಮತ್ತು ಟಾಲ್ಬಟನ ಸಾಧನೆಗಳು ಪ್ರಸಿದ್ಧಿಗೆ ಬಂದಾಗ ಹರ್ಷೆಲನು ತನ್ನ ಹಳೆಯ ಪ್ರಯೋಗವನ್ನು ನೆನೆದು, ಚಿತ್ರವನ್ನು ಸ್ಥಿರಗೊಳಿಸುವುದಕ್ಕೆ ಅದೇ ತಕ್ಕ ಪದಾರ್ಥವೆಂದು ತೋರಿಸಿಕೊಟ್ಟನು. ಆದರೆ ಚಿತ್ರವನ್ನು ಕಾಪಾಡುವುದಕ್ಕೆ ಬಂದ ಹೈಪೋ, ಕೆಲಸ ಮುಗಿದ ಮೇಲೆ ಅಲ್ಲಿಯೇ ನಿಂತರೆ ಚಿತ್ರಕ್ಕೆ ಶತ್ರುವಾಗುತ್ತದೆಂಬುದು ಹದಿನೈದು ವರ್ಷಗಳೊಳಗಾಗಿ ಎಲ್ಲರ ಅನುಭವಕ್ಕೂ ಬಂತು. ಚಿತ್ರಗಳು ಹಳದಿಯಾಗಿ ಮಾಸಿಹೋಗತೊಡಗಿದವು. 1855ರಲ್ಲಿ ಲಂಡನ್ನಿನ ಛಾಯಾಚಿತ್ರ ಸಂಘದವರು ಇದರ ಕಾರಣವನ್ನು ಶೋಧಿಸುವುದಕ್ಕಾಗಿಯೇ ಒಂದು ಸಮಿತಿಯನ್ನು ನೇಮಿಸಿದರು. ವಿಕ್ಟೋರಿಯಾ ರಾಣಿಯ ಪತಿಯಾದ ಆಲ್ಬರ್ಟನು ಅದರ ವೆಚ್ಚಕ್ಕೆ ಐವತ್ತು ಪೌಂಡುಗಳನ್ನು ಕೊಟ್ಟನು. ಚಿತ್ರಗಳು ಮಾಸುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣವು ಸರಿಯಾಗಿ ತೊಳೆಯದೆ ಕಾಗದದಲ್ಲಿ ಉಳಿದ ಹೈಪೋ ಎಂಬುದು ಆ ಸಮಿತಿಯ ನಿರ್ಣಯವಾಗಿತ್ತು. ಅದಕ್ಕೆ ಕೊಂಚ ಮುಂಚೆ, 1854ರ ಡಿಸೆಂಬರಿನಲ್ಲಿ, ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನೇಯಸ್ ಟ್ರೈಪನು ನಮ್ಮ ಬೇಲೂರು ಹಳೇಬೀಡುಗಳ ದೇವಾಲಯಗಳ ಚಿತ್ರಗಳನ್ನು ತೆಗೆದಿದ್ದನು. ಆ ಚಿತ್ರಗಳನ್ನು ಇಂದಿಗೂ ನಾವು ನೋಡಬಹುದಾಗಿದೆ. ಅದೇ ದಶಕದಲ್ಲಿ ತೆಗೆದ ಬೇರೆ ಎಷ್ಟೋ ಚಿತ್ರಗಳು ಮಾಸಿಹೋಗಿವೆ.

ಉಳಿದ ಹೈಪೋ ಮಾಡುವ ಕೆಡುಕು ಎಂಥದು? ಥಯೋಸಲ್ಫೇಟಿನಲ್ಲಿ ಗಂಧಕವಿದೆ. ಕಾಲಕ್ರಮದಲ್ಲಿ, ಅದರಲ್ಲಿಯೂ ಸೆಕೆಯೂ ತೇವವೂ ಕೂಡಿದ ಕಡೆಗಳಲ್ಲಿ, ಅದು ಒಡೆದು ಗಂಧಕವು ಚಿತ್ರದ ಬೆಳ್ಳಿಯೊಡನೆ ಸೇರಿ ಬೆಳ್ಳಿಯ ಸಲ್ಫೈಡಾಗುತ್ತದೆ. ದೇವರ ಮನೆಯ ಬೆಳ್ಳಿಯ ಪಂಚಪಾತ್ರೆ ಕಪ್ಪಿಡುವುದೂ ಇದೇ ಬಗೆಯ ಕ್ರಿಯೆಯಿಂದ. ಪಾತ್ರೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಬಹುದು. ಫಿಲ್ಮಿನಲ್ಲಿ ಚದರಿಹೋಗಿರುವ ಬೆಳ್ಳಿಯ ಕಣಗಳನ್ನು ತಿಕ್ಕುವ ಬಗೆಯಿಲ್ಲ. ಕಣಗಳು ಎಷ್ಟು ಸಣ್ಣವೋ ಅಷ್ಟು ಬೇಗ ಈ ಕೇಡಿಗೆ ಈಡಾಗುತ್ತವೆ. ಕಪ್ಪು ಕಂದಾಗುತ್ತದೆ, ಕಂದು ಹಳದಿಯಾಗುತ್ತದೆ, ನೆರಳಿನ ಭಾಗದ ನಸುವಾದ ವಿವರಗಳು ಎಲ್ಲಕ್ಕಿಂತ ಮೊದಲು ಹೊರಟುಹೋಗುತ್ತವೆ.

ಇಷ್ಟೇ ಆಗಿದ್ದರೆ ನೀರೊಂದನ್ನೇ ನಂಬಬಹುದಾಗಿತ್ತು. ತೊಳೆದು ತೆಗೆಯಬೇಕಾದ ಇನ್ನೊಂದು ಪದಾರ್ಥವುಂಟು. ಅದು ಹೈಪೋವೂ ಬೆಳ್ಳಿಯ ಲವಣವೂ ಸೇರಿ ಆದ ಸಂಯುಕ್ತ. ಈ ಸಂಯೋಗವು ಒಂದೇ ಹೆಜ್ಜೆಯಲ್ಲಿ ಮುಗಿಯುವುದಿಲ್ಲ. ಮೊದಲು ಆಗುವ ಸಂಯುಕ್ತವು ನೀರಿನಲ್ಲಿ ಸುಲಭವಾಗಿ ಕರಗುವಂಥದಲ್ಲ. ಅದಕ್ಕೆ ಇನ್ನಷ್ಟು ಹೈಪೋ ದೊರೆತರೆ ಮಾತ್ರ ಚೆನ್ನಾಗಿ ಕರಗುವ ಸಂಯುಕ್ತವಾಗುತ್ತದೆ. ಫಿಕ್ಸರು ಹಳೆಯದಾಗಿ ಶಕ್ತಿಗುಂದಿದ್ದರೆ, ಇಲ್ಲವೆ ಫಿಲ್ಮನ್ನು ಅದರಲ್ಲಿ ಸಾಕಷ್ಟು ಹೊತ್ತು ಇಡದಿದ್ದರೆ, ಈ ಎರಡನೆಯ ಹೆಜ್ಜೆ ಪೂರೈಸುವುದಿಲ್ಲ. ಕಣ್ಣಿಗೆ ಫಿಲ್ಮು ತಿಳಿಯಾಗಿ ಕಂಡರೂ ಕರಗದ ಸಂಯುಕ್ತವು ಜಿಲೆಟಿನ್ನಿನೊಳಗೆ ನಿಂತಿರುತ್ತದೆ. ಇಂಥ ಫಿಲ್ಮನ್ನು ಕಾವೇರಿಯ ಪ್ರವಾಹದಲ್ಲಿಯೇ ಹಿಡಿದರೂ ಅದು ಶುದ್ಧವಾಗದು. ಮುಂದೆ ಆ ಸಂಯುಕ್ತವು ಒಡೆದು, ಚಿತ್ರವಿಲ್ಲದ ಬಿಳಿಯ ಭಾಗಗಳಲ್ಲಿಯೂ ಹಳದಿಯ ಛಾಯೆಯನ್ನು ಹಬ್ಬಿಸುತ್ತದೆ. ಆದಕಾರಣ ತೊಳೆಯುವ ಕೆಲಸವು ಫಿಕ್ಸರಿನಲ್ಲಿಯೇ ಆರಂಭವಾಗುತ್ತದೆಂದು ನಾವು ಹೇಳುತ್ತೇವೆ.

ಫಿಕ್ಸರಿನ ಬಲವನ್ನು ಪರೀಕ್ಷಿಸುವುದು ಬಹು ಸುಲಭ. ಕ್ಯಾಮೆರಾಕ್ಕೆ ತುಂಬುವಾಗ ಹೊರಗುಳಿಯುವ ಫಿಲ್ಮಿನ ಮೊದಲ ತುಂಡನ್ನು ಕತ್ತರಿಸಿ ಇಟ್ಟುಕೊಂಡಿರಬೇಕು. ಅದನ್ನು ಬೆಳಕಿನಲ್ಲಿಯೇ ಫಿಕ್ಸರಿನಲ್ಲಿ ಮುಳುಗಿಸಿ, ಅಲ್ಲಾಡಿಸುತ್ತ, ಹಾಲಿನಂಥ ಮಬ್ಬು ಪೂರ್ತಿಯಾಗಿ ಹೋಗಿ ತಿಳಿಯಾಗುವುದಕ್ಕೆ ಎಷ್ಟು ಹೊತ್ತಾಯಿತೆಂದು ನೋಡಬೇಕು. ಫಿಲ್ಮನ್ನು ಅದರ ಎರಡರಷ್ಟು ಹೊತ್ತಾದರೂ ಫಿಕ್ಸರಿನಲ್ಲಿಡತಕ್ಕದ್ದು. ಟಿ-ಮ್ಯಾಕ್ಸ್, ಡೆಲ್ಟಾ ಮೊದಲಾದ ಚಪ್ಪಟೆ ಹರಳುಗಳ ಫಿಲ್ಮುಗಳಿಗೆ ಮೂರರಷ್ಟು ಹೊತ್ತು ಬೇಕು. ಹೊಸ ಫಿಕ್ಸರಿನಲ್ಲಿ ಒಂದು ನಿಮಿಷದಲ್ಲಿ ತಿಳಿಯಾಗುತ್ತಿದ್ದ ತುಂಡು ಎರಡು ನಿಮಿಷ ತೆಗೆದುಕೊಂಡಿತೆಂದರೆ ಆ ಫಿಕ್ಸರನ್ನು ಬಿಟ್ಟುಬಿಡಬೇಕು. ಇದರಲ್ಲಿ ಜಿಪುಣತನ ಸಲ್ಲದು. ಫಿಕ್ಸರನ್ನು ಎರಡು ಸೀಸೆಗಳಲ್ಲಿಟ್ಟು, ಮೊದಲು ಹಳೆಯದರಲ್ಲಿಯೂ ಆಮೇಲೆ ಹೊಸದರಲ್ಲಿಯೂ ಅರ್ಧರ್ಧ ಹೊತ್ತು ಇಡುವ ಪದ್ಧತಿಯು ಖರ್ಚಿಗೂ ಮಿತ, ಫಲಕ್ಕೂ ಉತ್ತಮ.

ಇನ್ನು ನೀರಿನ ವಿಷಯ. ನಲ್ಲಿಯ ನೀರು ರಭಸದಿಂದ ಬಿದ್ದರೆ ಹೈಪೋವನ್ನು ಬಡಿದುಕೊಂಡು ಹೋಗುತ್ತದೆಂದು ಬಹುಮಂದಿ ಭಾವಿಸಿರುತ್ತಾರೆ. ಇದು ಬಟ್ಟೆಯ ಕೊಳೆಯನ್ನು ನೋಡಿ ಹುಟ್ಟಿದ ಭಾವನೆ. ಹೈಪೋ ಇರುವುದು ಫಿಲ್ಮಿನ ಮೇಲಲ್ಲ, ನೀರು ಕುಡಿದು ಉಬ್ಬಿರುವ ಜಿಲೆಟಿನ್ನಿನ ಒಳಗೆ. ಅಲ್ಲಿಗೆ ನೀರಿನ ಪೆಟ್ಟು ತಲುಪುವುದಿಲ್ಲ. ದಕ್ಷಿಣ ಕನ್ನಡದ ಮತ್ತು ಮಲೆನಾಡಿನ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯನ್ನು ಮಳೆಗಾಲದಲ್ಲಿ ಭರಣಿಯಿಂದ ತೆಗೆದಾಗ ಅದರ ಮೇಲೆ ಕೊಡಗಟ್ಟಲೆ ನೀರು ಸುರಿದರೆ ಹೊರಗಿನ ಉಪ್ಪು ಹೋದೀತು, ಒಳಗಿನದು ಹೋಗದು. ನೀರಿನಲ್ಲಿ ಹಾಕಿ, ಕೊಂಚ ಹೊತ್ತು ಬಿಟ್ಟು, ಆ ನೀರನ್ನು ಚೆಲ್ಲಿ, ಬೇರೆ ನೀರು ಹಾಕಿ, ಹೀಗೆ ಮೂರು ನಾಲ್ಕು ಸಲ ಮಾಡಿದರೆ ಸೊಳೆಯು ಅಡಿಗೆಗೆ ಹದವಾಗುತ್ತದೆ. ಫಿಲ್ಮಿನಲ್ಲಿಯೂ ಕ್ರಮವು ಇದೇ. ಒಳಗೆ ಹೈಪೋ ಹೆಚ್ಚಾಗಿಯೂ ಹೊರಗಿನ ನೀರಿನಲ್ಲಿ ಕಡಿಮೆಯಾಗಿಯೂ ಇರುವಷ್ಟು ಹೊತ್ತು ಅದು ತಾನಾಗಿಯೇ ಹೊರಕ್ಕೆ ಹರಡುತ್ತ ಬರುತ್ತದೆ. ಒಳಗೂ ಹೊರಗೂ ಸಮವಾದ ಕೂಡಲೆ ನಿಂತುಬಿಡುತ್ತದೆ. ಆಗ ನೀರನ್ನು ಬದಲಾಯಿಸಿದರೆ ಮತ್ತೆ ಹೊರಡುತ್ತದೆ. ಆದುದರಿಂದ ಬೇಕಾದುದು ಎರಡೇ: ಹೊರಗೆ ಬರುವುದಕ್ಕೆ ಅದಕ್ಕೆ ಸಮಯ ಕೊಡುವುದು, ಹೊರಗೆ ಬಂದುದನ್ನು ಪೂರ್ತಿಯಾಗಿ ಚೆಲ್ಲುವುದು.

ಈ ಪೂರ್ತಿಯಾಗಿ ಚೆಲ್ಲುವುದೆಂಬ ಮಾತಿನ ಬೆಲೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. 35 ಮಿಲಿಮೀಟರಿನ ಒಂದು ಫಿಲ್ಮಿಗೆ ಸಾಮಾನ್ಯವಾದ ಟ್ಯಾಂಕಿನಲ್ಲಿ ಸುಮಾರು 300 ಮಿಲಿಲೀಟರ್ ದ್ರವವು ಹಿಡಿಯುತ್ತದೆ. ಫಿಕ್ಸರನ್ನು ಬಗ್ಗಿಸಿದ ಮೇಲೆ ಫಿಲ್ಮಿಗೂ ರೀಲಿಗೂ ಟ್ಯಾಂಕಿನ ಗೋಡೆಗೂ ಅಂಟಿಕೊಂಡು 15 ಮಿಲಿಲೀಟರ್ ಉಳಿಯಿತೆಂದು ಇಟ್ಟುಕೊಳ್ಳೋಣ. ನೀರು ತುಂಬಿದರೆ ಫಿಕ್ಸರು ಇಪ್ಪತ್ತರಲ್ಲೊಂದು ಪಾಲಾಯಿತು. ಅದನ್ನು ಚೆನ್ನಾಗಿ ಬಗ್ಗಿಸಿ ಮತ್ತೆ ತುಂಬಿದರೆ ನಾನೂರರಲ್ಲೊಂದು ಪಾಲು. ಮೂರನೆಯ ಸಲಕ್ಕೆ ಎಂಟು ಸಾವಿರದಲ್ಲೊಂದು ಪಾಲು. ಖರ್ಚಾದ ನೀರು ಒಂದು ಲೀಟರಿಗೂ ಕಡಿಮೆ. ಇದೇ 900 ಮಿಲಿಲೀಟರ್ ನೀರನ್ನು ಒಂದೇ ಸಲ ದೊಡ್ಡ ಪಾತ್ರೆಯಲ್ಲಿ ಹಾಕಿ ಫಿಲ್ಮನ್ನು ಮುಳುಗಿಸಿಟ್ಟರೆ ಫಿಕ್ಸರು ಅರವತ್ತರಲ್ಲೊಂದು ಪಾಲಿಗಿಂತ ಕೆಳಕ್ಕೆ ಇಳಿಯುವುದಿಲ್ಲ, ರಾತ್ರಿಯೆಲ್ಲ ಬಿಟ್ಟರೂ ಇಳಿಯುವುದಿಲ್ಲ. ನೀರಿನ ಮೊತ್ತ ಒಂದೇ, ಫಲದಲ್ಲಿ ನೂರು ಪಾಲಿಗೂ ಮಿಗಿಲಾದ ಅಂತರ.

ಇಂಗ್ಲೆಂಡಿನ ಇಲ್‌ಫರ್ಡ್ ಕಂಪನಿಯವರು ಪ್ರಚಾರಕ್ಕೆ ತಂದ ಕ್ರಮವು ಈ ಲೆಕ್ಕದ ಮೇಲೆಯೇ ನಿಂತಿದೆ. ಗಟ್ಟಿಗೊಳಿಸುವ ಪದಾರ್ಥವಿಲ್ಲದ ಫಿಕ್ಸರನ್ನು ಬಳಸಿದಾಗ ಅದು ಸಲ್ಲುತ್ತದೆ. ಫಿಕ್ಸರನ್ನು ಬಗ್ಗಿಸಿ, ಟ್ಯಾಂಕಿಗೆ ನೀರು ತುಂಬಿ, ಮುಚ್ಚಳ ಹಾಕಿ, ಐದು ಸಲ ತಲೆಕೆಳಗು ಮಾಡಿ ನೀರನ್ನು ಚೆಲ್ಲಬೇಕು. ಎರಡನೆಯ ನೀರಿಗೆ ಹತ್ತು ಸಲ. ಮೂರನೆಯ ನೀರಿಗೆ ಇಪ್ಪತ್ತು ಸಲ. ಸಂಖ್ಯೆಯು ಏರುತ್ತ ಹೋಗುವುದಕ್ಕೆ ಕಾರಣವುಂಟು. ಮೊದಲು ಹೈಪೋ ಹೇರಳವಾಗಿರುವುದರಿಂದ ವೇಗವಾಗಿ ಹೊರಬರುತ್ತದೆ. ಕಡೆಕಡೆಗೆ ಉಳಿಯುವ ಅಲ್ಪಭಾಗವು ಮೆಲ್ಲಗೆ ಬರುತ್ತದೆ, ಅದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಮೇಲಿನ ಲೆಕ್ಕವು ಒಳಗೂ ಹೊರಗೂ ಸಮವಾಗುವುದಕ್ಕೆ ಅವಕಾಶ ಸಿಕ್ಕಿತೆಂಬ ಭಾವನೆಯಿಂದ ಮಾಡಿದುದು, ಆತುರಪಟ್ಟರೆ ಅದು ಕಾಗದದ ಮೇಲಿನ ಲೆಕ್ಕವಾಗಿಯೇ ಉಳಿಯುತ್ತದೆ. ನಮ್ಮ ಮಟ್ಟಿಗೆ ನಾವು ಮೂರಕ್ಕೆ ನಿಲ್ಲಿಸದೆ ಇನ್ನೆರಡು ನೀರನ್ನು ಹಾಕಿ, ಒಂದೊಂದರಲ್ಲಿಯೂ ಮೂರು ನಾಲ್ಕು ನಿಮಿಷ ಬಿಟ್ಟು, ನಡುನಡುವೆ ಅಲ್ಲಾಡಿಸಿ ಚೆಲ್ಲುವುದನ್ನು ಮೆಚ್ಚುತ್ತೇವೆ. ಆರುನೂರು ಮಿಲಿಲೀಟರ್ ನೀರೂ ಏಳೆಂಟು ನಿಮಿಷವೂ ಹೆಚ್ಚಿಗೆ ಬಿದ್ದರೆ ಯಾರಿಗೂ ನಷ್ಟವಿಲ್ಲ.

ನೀರು ಹರಿಯಬಿಟ್ಟು ತೊಳೆಯುವ ಹಳೆಯ ಪದ್ಧತಿಯು ಸುಳ್ಳೆಂದು ಹೇಳಲಾಗದು. ಆದರೆ ನಿಮಿಷಕ್ಕೆ ನಾಲ್ಕು ಲೀಟರಿನಂತೆ ಅರ್ಧ ಗಂಟೆ ನಲ್ಲಿಯನ್ನು ಬಿಟ್ಟರೆ 120 ಲೀಟರ್ ಆಯಿತು, ಎಂದರೆ ಎಂಟು ಹತ್ತು ಕೊಡಗಳು. ಎರಡು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ನಲ್ಲಿಯಲ್ಲಿ ನೀರು ಕಾಣುವ ಊರುಗಳಲ್ಲಿ, ಟ್ಯಾಂಕರಿನ ನೀರಿಗೆ ಹಣ ತೆತ್ತು ಬಾಳುವ ಬಡಾವಣೆಗಳಲ್ಲಿ, ಒಂದು ಫಿಲ್ಮಿಗಾಗಿ ಇಷ್ಟು ನೀರನ್ನು ಚರಂಡಿಗೆ ಬಿಡುವುದು ಮನೆಯವರ ಸಮಾಧಾನಕ್ಕೂ ಹಿತವಲ್ಲ. ಅಲ್ಲದೆ ಟ್ಯಾಂಕಿನ ಮೇಲ್ಭಾಗಕ್ಕೆ ಬಿದ್ದ ನೀರು ಮೇಲಿನಿಂದಲೇ ತುಳುಕಿ ಹೋಗುವುದೂ, ರೀಲಿನ ಸುತ್ತುಗಳ ನಡುವೆ ತಳದಲ್ಲಿ ಹಳೆಯ ನೀರೇ ನಿಂತಿರುವುದೂ ಉಂಟು. ಹರಿಯುವ ನೀರಿನಲ್ಲಿಯೇ ತೊಳೆಯಬೇಕೆನ್ನುವವರು ನಲ್ಲಿಗೆ ರಬ್ಬರಿನ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ರೀಲಿನ ನಡುಗಂಬದೊಳಗೆ ತಳದವರೆಗೆ ಇಳಿಸಿ, ನೀರು ಕೆಳಗಿನಿಂದ ಮೇಲಕ್ಕೆ ಬರುವಂತೆ ಮಾಡಬೇಕು. ಐದು ನಿಮಿಷಕ್ಕೊಮ್ಮೆ ಟ್ಯಾಂಕನ್ನು ಪೂರ್ತಿ ಬರಿದುಮಾಡುವುದನ್ನು ಮರೆಯಕೂಡದು. ಹಳೆಯ ಪುಸ್ತಕಗಳಲ್ಲಿ ಒಂದು ಗಂಟೆ ತೊಳೆಯಬೇಕೆಂದು ಕಂಡುಬರುವ ಮಾತು ಬಹುಮಟ್ಟಿಗೆ ಕಾಗದದ ಮುದ್ರಣಗಳನ್ನು ಕುರಿತದ್ದು. ಕಾಗದದ ನಾರು ಹೈಪೋವನ್ನು ಹೀರಿ ಹಿಡಿದುಕೊಳ್ಳುತ್ತದೆ. ಫಿಲ್ಮಿನ ಹಾಳೆಯು ಏನನ್ನೂ ಹೀರುವುದಿಲ್ಲ.

ಗಟ್ಟಿಗೊಳಿಸುವ ಫಿಕ್ಸರಿನ ಸಂಗತಿ ಬೇರೆ ಎಂದೆವಷ್ಟೆ. ಜಿಲೆಟಿನ್ನು ಸೆಕೆಯಲ್ಲಿ ಮೆತ್ತಗಾಗಿ ಗೀರು ಬೀಳದಿರಲೆಂದು ಕೆಲವು ಫಿಕ್ಸರುಗಳಿಗೆ ಪಟಿಕವನ್ನು ಸೇರಿಸುತ್ತಾರೆ. ಪಟಿಕವೂ ಆಮ್ಲವೂ ಕೂಡಿದ ಇಂಥ ದ್ರವದಲ್ಲಿ ಜಿಲೆಟಿನ್ನು ಥಯೋಸಲ್ಫೇಟನ್ನು ತನ್ನತ್ತ ಎಳೆದು ಹಿಡಿದುಕೊಳ್ಳುತ್ತದೆ, ಬರಿಯ ನೀರಿಗೆ ಬೇಗ ಬಿಟ್ಟುಕೊಡುವುದಿಲ್ಲ. ಆಗ ಇಪ್ಪತ್ತರಿಂದ ಮೂವತ್ತು ನಿಮಿಷಗಳ ತೊಳೆತವು ಬೇಕಾಗುತ್ತದೆ. ಇದನ್ನು ಕಡಿಮೆ ಮಾಡುವ ಉಪಾಯವು ಸಮುದ್ರದ ನೀರಿನಿಂದ ಹೊಳೆದದ್ದೆಂಬುದು ಸ್ವಾರಸ್ಯವಾದ ಸಂಗತಿ. ಸಿಹಿನೀರು ದುರ್ಲಭವಾದ ಹಡಗುಗಳಲ್ಲಿ ಕಡಲಿನ ನೀರಿನಲ್ಲಿ ಫಿಲ್ಮನ್ನು ತೊಳೆದು, ಕಡೆಗೆ ಸ್ವಲ್ಪವೇ ಸಿಹಿನೀರಿನಿಂದ ಉಪ್ಪನ್ನು ಕಳೆದರೆ, ಹೈಪೋ ಬರಿಯ ಸಿಹಿನೀರಿಗಿಂತ ಬೇಗ ಹೊರಟುಹೋಗುತ್ತದೆಂಬುದು ಕಂಡುಬಂದಿತ್ತು. ಲವಣಗಳ ಈ ಗುಣವನ್ನು ಪರೀಕ್ಷಿಸುತ್ತ ಹೋಗಿ ವಿಜ್ಞಾನಿಗಳು ಸೋಡಿಯಂ ಸಲ್ಫೈಟನ್ನು ಆರಿಸಿಕೊಂಡರು. ಅಂಗಡಿಯಲ್ಲಿ ಹೈಪೋ ಕ್ಲಿಯರಿಂಗ್ ಏಜೆಂಟ್ ಎಂಬ ಹೆಸರಿನಿಂದ ದೊರೆಯುವುದರಲ್ಲಿ ಮುಖ್ಯವಾಗಿರುವುದು ಇದೇ. ಒಂದು ಲೀಟರ್ ನೀರಿಗೆ 20 ಗ್ರಾಂ ನಿರ್ಜಲ ಸೋಡಿಯಂ ಸಲ್ಫೈಟನ್ನು ಕರಗಿಸಿದರೆ ಮನೆಯಲ್ಲಿಯೇ ಕೆಲಸ ಸಾಗುತ್ತದೆ. ಫಿಕ್ಸರಾದ ಮೇಲೆ ಒಂದು ನಿಮಿಷ ನೀರಿನಲ್ಲಿ ಜಾಲಾಡಿ, ಈ ದ್ರವದಲ್ಲಿ ಎರಡು ನಿಮಿಷ ಅಲ್ಲಾಡಿಸಿ, ಆ ಬಳಿಕ ಐದು ನಿಮಿಷ ತೊಳೆದರೆ ಪಟಿಕದ ಫಿಲ್ಮೂ ಶುದ್ಧವಾಗುತ್ತದೆ. ಕರಗಿಸಿದ ದ್ರವವು ಗಾಳಿಗೆ ಬೇಗ ಕೆಡುವುದರಿಂದ ಅಂದಂದಿನದನ್ನು ಅಂದೇ ಚೆಲ್ಲಬೇಕು. ಸಲ್ಫೈಟ್, ಸಲ್ಫೇಟ್, ಸಲ್ಫೈಡ್ ಎಂಬ ಮೂರು ಹೆಸರುಗಳು ಕಿವಿಗೆ ಒಂದೇ ತೆರನಾಗಿ ಕೇಳಿಸುತ್ತವೆ. ಕೊಳ್ಳುವಾಗ ಚೀಟಿಯನ್ನು ಎರಡು ಸಲ ಓದಿಕೊಳ್ಳಬೇಕು, ಏತಕ್ಕೆಂದರೆ ಸಲ್ಫೈಡು ಬೆಳ್ಳಿಗೆ ನೇರವಾದ ವಿಷ. ಹೈಡ್ರೊಜನ್ ಪೆರಾಕ್ಸೈಡನ್ನೂ ಅಮೋನಿಯವನ್ನೂ ಸೇರಿಸಿ ಮಾಡುವ ಇನ್ನೊಂದು ದ್ರವವುಂಟು. ಅದು ಕಾಗದಕ್ಕೆಂದು ಹೇಳಿದುದು, ಫಿಲ್ಮಿಗೆ ಸರ್ವಥಾ ಕೂಡದು.

ಉಷ್ಣತೆಯ ವಿಷಯದಲ್ಲಿ ನಮ್ಮ ನಾಡಿನವರು ವಿಶೇಷವಾಗಿ ಎಚ್ಚರದಿಂದಿರಬೇಕು. ಶೀತದೇಶಗಳ ಪುಸ್ತಕಗಳು ತಣ್ಣೀರಿನ ಭಯವನ್ನು ಹೇಳುತ್ತವೆ. ನೀರು ಬಹಳ ತಣ್ಣಗಿದ್ದರೆ ಹೈಪೋ ನಿಧಾನವಾಗಿ ಹೊರಬರುತ್ತದೆಂಬುದು ನಿಜ. ನಮ್ಮಲ್ಲಿ, ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ, ಭಯವು ತದ್ವಿರುದ್ಧವಾದದ್ದು. ಮನೆಯ ಮೇಲಿನ ತೊಟ್ಟಿಯಲ್ಲಿ ಬಿಸಿಲಿಗೆ ಕಾದ ನೀರು ಮಧ್ಯಾಹ್ನ ನಲ್ಲಿಯಲ್ಲಿ ಕೈಸುಡುವಂತೆ ಬರುತ್ತದೆ. ಇಪ್ಪತ್ತು ಡಿಗ್ರಿಯ ಫಿಕ್ಸರಿನಿಂದ ತೆಗೆದ ಫಿಲ್ಮಿನ ಮೇಲೆ ಇದನ್ನು ಸುರಿದರೆ ಜಿಲೆಟಿನ್ನು ಒಮ್ಮೆಗೆ ಉಬ್ಬಿ, ಒಣಗಿದ ಕೆರೆಯ ತಳದಂತೆ ಸಣ್ಣ ಬಿರುಕುಗಳ ಜಾಲವು ಅದರಲ್ಲಿ ಮೂಡಬಹುದು. ಈಚಿನ ಫಿಲ್ಮುಗಳು ಹಿಂದಿನವುಗಳಿಗಿಂತ ಗಟ್ಟಿಯಾದವು, ಆದರೂ ಪರೀಕ್ಷಿಸಿ ನೋಡುವ ಅವಶ್ಯಕತೆಯಿಲ್ಲ. ತೊಳೆಯುವ ನೀರು ಇತರ ದ್ರವಗಳಿಗಿಂತ ಐದು ಡಿಗ್ರಿಗಿಂತ ಹೆಚ್ಚಾಗಿ ಏರಿಳಿಯಕೂಡದು. ಇದಕ್ಕೆ ಸುಲಭವಾದ ದಾರಿಯೆಂದರೆ ಹಿಂದಿನ ರಾತ್ರಿಯೇ ಒಂದು ಬಕೀಟು ನೀರನ್ನು ಹಿಡಿದು, ಡೆವಲಪರು ಫಿಕ್ಸರುಗಳ ಸೀಸೆಗಳ ಪಕ್ಕದಲ್ಲಿಯೇ ಇಟ್ಟಿರುವುದು. ಬೆಳಗಾಗುವಷ್ಟರಲ್ಲಿ ಎಲ್ಲವೂ ಒಂದೇ ಉಷ್ಣತೆಗೆ ಬಂದಿರುತ್ತವೆ. ಕಡು ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ಬಕೀಟನ್ನು ತಂಪುಮಾಡುವುದಕ್ಕೆ ಬರುತ್ತದೆ. ನೀರು ಬದಲಾಯಿಸುವ ಪದ್ಧತಿಯ ಇನ್ನೊಂದು ಅನುಕೂಲವು ಇದೇ: ಎರಡು ಲೀಟರ್ ನೀರನ್ನು ಹದದಲ್ಲಿಡುವುದು ಯಾರಿಗೂ ಸಾಧ್ಯ, ನೂರಿಪ್ಪತ್ತು ಲೀಟರನ್ನು ಹದದಲ್ಲಿಡುವುದು ಆಗದ ಮಾತು.

ಹೀಗೆ ಇಟ್ಟ ನೀರಿನಲ್ಲಿ ಮಣ್ಣೂ ಮರಳೂ ತಳಕ್ಕೆ ಇಳಿದಿರುತ್ತವೆ. ನೆನೆದ ಜಿಲೆಟಿನ್ನಿನಲ್ಲಿ ಒಂದು ಮರಳಿನ ಕಣವು ನೆಟ್ಟುಕೊಂಡರೆ ಒಣಗಿದ ಮೇಲೆ ಅದನ್ನು ಕೀಳಲಾಗದು. ನಲ್ಲಿಯಿಂದಲೇ ನೇರವಾಗಿ ಹಿಡಿಯುವವರು ಹಾಲು ಸೋಸುವಂಥ ತೆಳ್ಳನೆಯ ಬಟ್ಟೆಯನ್ನು ಮಡಿಸಿ ಕಟ್ಟಿಕೊಳ್ಳಲಿ. ನೀರು ತುಂಬಿದ ಕೂಡಲೆ ಟ್ಯಾಂಕನ್ನು ಮೇಜಿನ ಮೇಲೆ ಎರಡು ಮೂರು ಸಲ ಮೆಲ್ಲಗೆ ತಟ್ಟಬೇಕು. ಇಲ್ಲವಾದರೆ ಗಾಳಿಯ ಗುಳ್ಳೆಗಳು ಫಿಲ್ಮಿಗೆ ಅಂಟಿಕೊಂಡು ಆ ಚುಕ್ಕೆಗಳಿಗೆ ನೀರೇ ತಾಗದಂತೆ ಮಾಡುತ್ತವೆ.

ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರು ಹೈಪೋವನ್ನು ತೆಗೆಯುವುದಕ್ಕೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಅದರ ತೊಂದರೆಯು ಒಣಗುವಾಗಿನದು. ಕಾಫಿಯ ಪಾತ್ರೆಯ ತಳದಲ್ಲಿ ಕಾಣುವಂಥ ಬಿಳಿಯ ಸುಣ್ಣದ ಕಲೆಯು ಪ್ರತಿ ಹನಿಯ ಅಂಚಿನಲ್ಲಿಯೂ ಉಳಿಯುತ್ತದೆ. ಆದ್ದರಿಂದ ಕಡೆಯ ನೀರು ಮಾತ್ರ ಬಟ್ಟಿಯಿಳಿಸಿದ ನೀರಾಗಿರಲಿ. ಅದಕ್ಕೆ ಫೋಟೋಫ್ಲೋ ಮೊದಲಾದ ದ್ರವವನ್ನು ಇನ್ನೂರಕ್ಕೆ ಒಂದರಂತೆ, ಎಂದರೆ 300 ಮಿಲಿಲೀಟರಿಗೆ ಒಂದೂವರೆ ಮಿಲಿಲೀಟರಿನಷ್ಟು, ಸೇರಿಸಿದರೆ ನೀರು ಹನಿಗೂಡದೆ ಹಾಳೆಯಂತೆ ಜಾರಿಹೋಗುತ್ತದೆ. ಹೆಚ್ಚು ಹಾಕಿದರೆ ಅದೇ ಜಿಡ್ಡಾಗಿ ನಿಲ್ಲುತ್ತದೆ. ಇದನ್ನು ಬೇರೊಂದು ಬಟ್ಟಲಿನಲ್ಲಿ ಮಾಡುವುದು ಲೇಸು. ರೀಲಿನ ಮೇಲಿರುವಾಗಲೇ ಮಾಡಿದರೆ ಪ್ಲಾಸ್ಟಿಕ್ ರೀಲು ಕ್ರಮೇಣ ಜಿಗುಟಾಗಿ, ಮುಂದಿನ ಫಿಲ್ಮು ಅದಕ್ಕೆ ಏರುವಾಗ ಸತಾಯಿಸುತ್ತದೆ.

ಸಾಕಷ್ಟು ತೊಳೆದಿದೆಯೇ ಎಂಬ ಸಂಶಯವನ್ನು ಕಳೆದುಕೊಳ್ಳುವುದಕ್ಕೆ ಒಂದು ಪರೀಕ್ಷೆಯುಂಟು. ಬಾವಿಯ ನೀರಿಗೆ ಹಾಕುವ ನೇರಿಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ಎಲ್ಲರಿಗೂ ಪರಿಚಿತವಾದದ್ದು. ಅದನ್ನು 0.3 ಗ್ರಾಮಿನಷ್ಟೂ ಕಾಸ್ಟಿಕ್ ಸೋಡಾವನ್ನು 0.6 ಗ್ರಾಮಿನಷ್ಟೂ ತೆಗೆದುಕೊಂಡು 250 ಮಿಲಿಲೀಟರ್ ಬಟ್ಟಿಯಿಳಿಸಿದ ನೀರಿನಲ್ಲಿ ಕರಗಿಸಿಡಬೇಕು. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುವಂಥದು, ಮಕ್ಕಳ ಕೈಗೆ ಸಿಕ್ಕಕೂಡದು. ಎರಡು ಗಾಜಿನ ಲೋಟಗಳಲ್ಲಿ 250 ಮಿಲಿಲೀಟರಿನಂತೆ ಶುದ್ಧವಾದ ನೀರಿಟ್ಟು ಒಂದೊಂದಕ್ಕೂ ಒಂದು ಮಿಲಿಲೀಟರ್ ಈ ದ್ರವವನ್ನು ಹಾಕಬೇಕು. ಒಂದಕ್ಕೆ ತೊಳೆದ ಫಿಲ್ಮಿನಿಂದ ಅರ್ಧ ನಿಮಿಷ ತೊಟ್ಟಿಕ್ಕುವ ನೀರನ್ನು ಬೀಳಿಸಿ, ಇನ್ನೊಂದಕ್ಕೆ ಅಷ್ಟೇ ನಲ್ಲಿಯ ನೀರನ್ನು ಹಾಕಿ ಹೋಲಿಸಬೇಕು. ಹೈಪೋ ಉಳಿದಿದ್ದರೆ ಮೊದಲಿನದರ ನೇರಿಳೆ ಬಣ್ಣವು ಕಿತ್ತಳೆಗೆ ತಿರುಗುತ್ತದೆ, ಬಹಳವಾಗಿದ್ದರೆ ಹಳದಿಯಾಗುತ್ತದೆ. ಎರಡನೆಯ ಲೋಟವು ಏಕೆಂದರೆ, ಕೆರೆಯ ನೀರಿನಲ್ಲಿರುವ ಕೊಳೆತ ಎಲೆಯ ಅಂಶವೂ ಈ ಬಣ್ಣವನ್ನು ಕೆಡಿಸಬಲ್ಲದು. ಈ ಪರೀಕ್ಷೆಗೆ ಒಂದು ಮಿತಿಯಿದೆಯೆಂಬುದನ್ನೂ ಹೇಳಬೇಕು. ಇದು ತೊಟ್ಟಿಕ್ಕಿದ ನೀರಿನಲ್ಲಿರುವ ಹೈಪೋವನ್ನು ತೋರಿಸುತ್ತದೆಯೇ ಹೊರತು ಜಿಲೆಟಿನ್ನಿನ ಒಳಗೆ ಉಳಿದುದನ್ನು ತೋರಿಸುವುದಿಲ್ಲ. ಅದಕ್ಕಾಗಿ ಫಿಲ್ಮಿನ ಬರಿದಾದ ಅಂಚಿನ ಮೇಲೆ ಸಿಲ್ವರ್ ನೈಟ್ರೇಟಿನ ಆಮ್ಲೀಯ ದ್ರವದ ಒಂದು ಹನಿಯನ್ನಿಟ್ಟು ಕಂದು ಕಲೆ ಬೀಳುವುದೇ ಎಂದು ನೋಡುತ್ತಾರೆ.

ಕೆಲವು ಫಿಲ್ಮುಗಳು ಒಣಗಿದ ಮೇಲೆಯೂ ನಸುಗೆಂಪಾಗಿ ಕಾಣುವುದನ್ನು ನೋಡಿ ಹೊಸಬರು ಗಾಬರಿಪಡುತ್ತಾರೆ. ಅದು ಬೆಳಕಿನ ಎಲ್ಲ ಬಣ್ಣಗಳನ್ನೂ ಗ್ರಹಿಸಲೆಂದು ಫಿಲ್ಮಿಗೆ ಹಾಕಿದ ರಂಗು. ಹೈಪೋವಿಗೂ ಅದಕ್ಕೂ ನೇರವಾದ ಸಂಬಂಧವಿಲ್ಲ. ಆದರೆ ರಂಗು ಗಾಢವಾಗಿದ್ದರೆ ಫಿಕ್ಸರು ಹಳೆಯದಾಯಿತೇ ಎಂದು ವಿಚಾರಿಸುವುದು ಒಳ್ಳೆಯದು.

ಅತಿಯಾಗಿ ತೊಳೆಯುವುದೂ ಹಿತವಲ್ಲ. ರಾತ್ರಿಯೆಲ್ಲ ನೀರಿನಲ್ಲಿ ಬಿಟ್ಟ ಫಿಲ್ಮಿನ ಜಿಲೆಟಿನ್ನು ಮೆತ್ತಗಾಗಿ ಅಂಚಿನಲ್ಲಿ ಏಳುವ ಸಂಭವವುಂಟು. ಹೈಪೋವಿನ ಕಡೆಯ ಕಣವನ್ನೂ ಅಟ್ಟಿಬಿಡಬೇಕೆಂಬ ಹಟವನ್ನು ವಿಜ್ಞಾನಿಗಳೇ ಈಗ ಬಿಟ್ಟಿದ್ದಾರೆ. ಗಾಳಿಯಲ್ಲಿರುವ ದುಷ್ಟ ಅನಿಲಗಳು ಬೆಳ್ಳಿಯನ್ನು ಕೆಡಿಸುವುದನ್ನು ಅತ್ಯಲ್ಪವಾದ ಥಯೋಸಲ್ಫೇಟ್ ತಕ್ಕಮಟ್ಟಿಗೆ ತಡೆಯುತ್ತದೆಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸಂಶೋಧನೆಗಳಿಂದ ಕಂಡುಬಂದಿದೆ. ಇದನ್ನು ಕೇಳಿ ತೊಳೆಯುವುದನ್ನು ಅರ್ಧಕ್ಕೆ ನಿಲ್ಲಿಸುವವರು ಯಾರೂ ಇರಲಾರರೆಂದು ನಂಬುತ್ತೇವೆ. ಅಂಥ ಅಲ್ಪಾಂಶವು ಎಷ್ಟು ಶ್ರದ್ಧೆಯಿಂದ ತೊಳೆದರೂ ಉಳಿದೇ ಇರುತ್ತದೆ.

ಪೆಟ್ಟಿಗೆಯಲ್ಲಿ ಈಗಾಗಲೇ ಇರುವ ಹಳೆಯ ನೆಗೆಟಿವುಗಳ ಗತಿಯೇನೆಂದು ಕೇಳುವವರುಂಟು. ಚಿತ್ರವು ಇನ್ನೂ ಕಪ್ಪಾಗಿಯೇ ಇದ್ದು, ಸರಿಯಾಗಿ ತೊಳೆದಿಲ್ಲವೆಂಬ ಸಂಶಯವು ಮಾತ್ರ ಇದ್ದರೆ, ಮತ್ತೆ ನೀರಿನಲ್ಲಿ ನೆನೆಸಿ, ಹೊಸ ಫಿಕ್ಸರಿನಲ್ಲಿಟ್ಟು, ಮೇಲೆ ಹೇಳಿದ ಕ್ರಮದಿಂದ ತೊಳೆಯಬಹುದು. ಹಳದಿಗೆ ತಿರುಗಿದ ಚಿತ್ರವು ಇದರಿಂದ ಮೊದಲಿನಂತಾಗುವುದಿಲ್ಲ. ಆದರೆ ನೀರಿಗೆ ಹಾಕುವ ಮುನ್ನ ಚೆನ್ನಾಗಿ ನೋಡಬೇಕು. ಬೂಷ್ಟು ಹಿಡಿದ ಫಿಲ್ಮನ್ನು, ನಮ್ಮ ಕರಾವಳಿಯಲ್ಲಿ ಇಂಥವು ಅನೇಕ, ನೀರಿಗೆ ಹಾಕಕೂಡದು. ಬೂಷ್ಟು ಜಿಲೆಟಿನ್ನನ್ನು ನೀರಿನಲ್ಲಿ ಕರಗುವಂತೆ ಮಾಡಿರುತ್ತದೆ, ಚಿತ್ರವು ಕಣ್ಣೆದುರಿಗೇ ಹರಿದುಹೋದೀತು. ಹುಳಿಯಾದ ವಿನಿಗರಿನ ವಾಸನೆ ಬರುವ ಫಿಲ್ಮಿನ ಹಾಳೆಯೇ ಕೆಡುತ್ತಿದೆಯೆಂದು ತಿಳಿಯಬೇಕು. 1950ರ ಆಸುಪಾಸಿನವರೆಗೂ ತಯಾರಾಗುತ್ತಿದ್ದ ನೈಟ್ರೇಟ್ ಹಾಳೆಯ ಫಿಲ್ಮು ಬೆಂಕಿಗೆ ಬಹಳ ಬೇಗ ಈಡಾಗುವಂಥದು. ಇಂಥವನ್ನೆಲ್ಲ ಒಣಗಿದ್ದಂತೆಯೇ ಮೊದಲು ಪ್ರತಿ ತೆಗೆದುಕೊಂಡು, ಬಲ್ಲವರಿಗೆ ಒಪ್ಪಿಸತಕ್ಕದ್ದು.

ಬಳಸಿ ಮುಗಿದ ಫಿಕ್ಸರಿನಲ್ಲಿ ಬೆಳ್ಳಿಯಿರುತ್ತದೆ. ಅದನ್ನು ಬಾವಿಯ ಬಳಿಯಲ್ಲಿಯೂ ಹಿತ್ತಲಿನ ಗಿಡಗಳ ಬುಡಕ್ಕೂ ಚೆಲ್ಲದೆ, ಡಬ್ಬಿಯಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಕೊಡಬೇಕು. ತೊಳೆದ ಫಿಲ್ಮನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಒರಸದೆ, ಮೇಲೆ ಒಂದು ಕ್ಲಿಪ್ಪು ಸಿಕ್ಕಿಸಿ, ಕೆಳಗೆ ಭಾರಕ್ಕೆ ಇನ್ನೊಂದನ್ನು ಹಾಕಿ ನೇತುಹಾಕಬೇಕು. ಸ್ನಾನದ ಮನೆಯೇ ಇದಕ್ಕೆ ಉತ್ತಮವಾದ ಸ್ಥಳ. ಬಿಸಿನೀರನ್ನು ಬಳಸಿದ ಮೇಲೆ ಆವಿಯೊಡನೆ ಧೂಳೂ ಕೆಳಕ್ಕೆ ಕುಳಿತಿರುತ್ತದೆ. ಬೀಸಣಿಗೆಯನ್ನು ಹಾಕುವುದೂ ಬಿಸಿಲಿಗೆ ಹಿಡಿಯುವುದೂ ಬೇಡ. ಎರಡು ಮೂರು ಗಂಟೆಗಳಲ್ಲಿ ಫಿಲ್ಮು ತಾನಾಗಿಯೇ ಒಣಗಿ ನೆಟ್ಟಗೆ ನಿಲ್ಲುತ್ತದೆ. ಆಗ ಆರು ಆರು ಚಿತ್ರಗಳ ಪಟ್ಟಿಗಳಾಗಿ ಕತ್ತರಿಸಿ, ಆಮ್ಲರಹಿತವಾದ ಕಾಗದದ ಅಥವಾ ಪಾಲಿಪ್ರೊಪಿಲೀನಿನ ಲಕೋಟೆಗಳಲ್ಲಿಟ್ಟು, ಮೇಲೆ ಪೆನ್ಸಿಲಿನಿಂದ ತಾರೀಖನ್ನೂ ಊರನ್ನೂ ಚಿತ್ರದಲ್ಲಿರುವವರ ಹೆಸರನ್ನೂ ಬರೆದಿಡಬೇಕು.